ಕೊನೆಯ ಬೀದಿಯ ನಲ್ಲಿಗಳು

ಬೆಳಿಗ್ಗೆ ಏಳು ಗಂಟೆಗೆ ಕೊನೆಯ ಬೀದಿಯ ತುಂಬ ಫಿನಾಯಿಲ್ ವಾಸನೆ ಇತ್ತು. ಇರಬಾರದಿತ್ತು.

ಹಿಂದಿನ ದಿನ ಸಂಜೆ ಆ ಬೀದಿಯ ಹೆಂಗಸರೆಲ್ಲ ಟೈಲರಕ್ಕನ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಸುತ್ತ ಬಿದ್ದಿದ್ದ ಬಟ್ಟೆ ಚೂರುಗಳ ಮೇಲೆಯೇ ಕೂತು ಒಂದು ತೀರ್ಮಾನಕ್ಕೆ ಬಂದಿದ್ದರು. ಬೆಳಿಗ್ಗೆ ನೀರಿನ ಇಲಾಖೆಯವರು ತಪಾಸಣೆಗೆ ಬರುತ್ತಾರೆ. ಯಾರೂ ಕಕ್ಕಸು ತೊಳೆಯಬಾರದು. ಕಕ್ಕಸಿನ ತಾರಸಿ ಮೇಲಿರುವ ಡ್ರಮ್ಮಿಗೆ ನೀರು ತುಂಬಬಾರದು. ನಲ್ಲಿ ಒಣಗಿದ್ದರೆ ಒಣಗಿದ ಹಾಗೇ ಇರಲಿ. ಕಣ್ಣಿದ್ದವರು ನೋಡಲಿ, ಮೂಗಿದ್ದವರು ಮೂಸಲಿ ಎಂದು ಮೂಲೆಮನೆಯ ಚಿಕ್ಕಮ್ಮ ಹೇಳಿದಾಗ ಎಲ್ಲರೂ ನಕ್ಕಿದ್ದರು. ಟೈಲರಕ್ಕನ ಅತ್ತೆ ಮಾತ್ರ ನಗಲಿಲ್ಲ. ಅವರು ಕಿಟಕಿ ಪಕ್ಕ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದರು. ಅವರು ಸುಮ್ಮನಿದ್ದುದನ್ನು ಒಪ್ಪಿಗೆ ಎಂದು ಸೊಸೆ ತಿಳಿದಳು.

ಈಗ ಬಾಗಿಲು ತೆರೆದು ಹೊರಗೆ ನಿಂತಾಗ ಟೈಲರಕ್ಕನಿಗೆ ಪಕ್ಕದ ಮನೆಯಿಂದಲೂ ಫಿನಾಯಿಲ್, ಎದುರುಮನೆಯಿಂದಲೂ ಫಿನಾಯಿಲ್. ಚಿಕ್ಕಮ್ಮನ ಅಂಗಳ ಇನ್ನೂ ಒದ್ದೆಯಾಗಿತ್ತು, ಪೊರಕೆ ಕೈಯಲ್ಲೇ ಇತ್ತು. ಉಳಿದವರೆಲ್ಲ ಹಾಗೇ ಬಿಟ್ಟಿರುತ್ತಾರಲ್ಲ, ನನ್ನದೊಂದು ಮನೆ ಶುಚಿಯಾಗಿದ್ದರೆ ಏನು ಮಹಾ ಅಂದುಕೊಂಡೆ ಎಂದು ಚಿಕ್ಕಮ್ಮ ಹೇಳಿದರು. ಇಪ್ಪತ್ತಾರು ಮನೆಯವರೂ ಹಾಗೆಯೇ ಅಂದುಕೊಂಡಿದ್ದರು.

"ಬರ್ತಿರೋರು ಬೀಗರಲ್ಲ ಚಿಕ್ಕಮ್ಮಾ" ಎಂದಳು ಟೈಲರಕ್ಕ.

"ಗೊತ್ತು ಕಣೇ. ಆದ್ರೂ ಮನೆಗೆ ಬರೋರಲ್ವಾ?"

ತನ್ನ ಮನೆಯ ಕಕ್ಕಸನ್ನೂ ಅತ್ತೆ ನಸುಕಿನಲ್ಲೇ ಎದ್ದು ಉಜ್ಜಿದ್ದಾರೆ, ಮೇಲಿನ ಡ್ರಮ್ಮನ್ನೂ ತುಂಬಿದ್ದಾರೆ ಎಂಬುದು ಅವಳಿಗೆ ಹಿತ್ತಲಿಗೆ ಹೋದಾಗ ತಿಳಿಯಿತು. ಸಿಟ್ಟು ನೆತ್ತಿಗೇರಿತು. ಆದರೂ, ಹೋಗಲಿ, ನಲ್ಲಿ ಇನ್ನೂ ಒಣಗಿಯೇ ಇದೆಯಲ್ಲ ಎಂದು ಸುಮ್ಮನಾದಳು.

ಆ ನಲ್ಲಿಯ ವಿಷಯ ಹೇಳಬೇಕು. ಬೀದಿ ಇರುವುದು ದಿಬ್ಬದ ಮೇಲೆ, ಪೈಪಿನ ಕಟ್ಟಕಡೆಯಲ್ಲಿ. ನೀರು ವಾರಕ್ಕೆ ಎರಡು ಸಲ, ಮುಖ್ಯರಸ್ತೆಯ ಕಡೆಯಿಂದ ಏರುತ್ತ ಬರುತ್ತದೆ. ಪೈಪು ಹಾದುಬರುವುದು ಚರಂಡಿಯ ಪಕ್ಕದಲ್ಲಿ. ಕೆಲವು ಕಡೆ ಚರಂಡಿಯ ಒಳಗೇ. ನೀರು ಬಿಡದ ಹೊತ್ತಿನಲ್ಲಿ ಖಾಲಿ ಪೈಪು ಸಡಿಲವಾದ ಜೋಡಣೆಗಳಲ್ಲಿ ಚರಂಡಿಯನ್ನು ಹೀರುತ್ತದೆ. ನೀರು ಬಿಟ್ಟಾಗ ಮೊದಲು ಹೊರಬರುವುದು ಅದೇ. ಕೆಳಗಿನ ಬೀದಿಗಳಲ್ಲಿ ಸ್ವಲ್ಪ ಹೊತ್ತು ಹೊಲಸು ಬಂದು, ಆಮೇಲೆ ತಿಳಿನೀರು ಬರುತ್ತದೆ. ಕೊನೆಯ ಬೀದಿಯಲ್ಲಿ ಹೊಲಸು ಮುಗಿಯುವಷ್ಟರಲ್ಲಿ ನೀರೂ ಮುಗಿಯುತ್ತದೆ. ಊರಿನ ಪೈಪು ತೊಳೆದ ನೀರು ಆ ಬೀದಿಯ ಪಾಲು.

ಹೋದ ವರ್ಷ ಟೈಲರಕ್ಕನ ಮಗಳಿಗೆ ಕಾಮಾಲೆ ಬಂತು. ಎಂಟು ವರ್ಷದ ಮಗು ಒಂದೂವರೆ ತಿಂಗಳು ಶಾಲೆಗೆ ಹೋಗಲಿಲ್ಲ. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಯಾವ ನೀರು ಕುಡಿಯುತ್ತೀರಿ ಎಂದು. ಇನ್ನೊಂದು ಸಲ ಹೀಗಾದರೆ ಮಗುವಿನ ಲಿವರ್ ತಡೆಯುವುದಿಲ್ಲ ಎಂದೂ ಹೇಳಿದರು. ಅಂದಿನಿಂದ ಆ ಮನೆಯಲ್ಲಿ ನಲ್ಲಿ ನೀರು ಬಾಯಿಗೆ ಹೋಗಿಲ್ಲ. ಕುಡಿಯಲು, ಅಡುಗೆಗೆ, ಕಕ್ಕಸಿಗೆ, ಎಲ್ಲಕ್ಕೂ ಟ್ಯಾಂಕರ್ ನೀರು. ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಹಾಕಿ ತುಂಬುವ ಆ ನೀರನ್ನು ಇಲಾಖೆಯೇ ದಿನ ಬಿಟ್ಟು ದಿನ ಕಳಿಸುತ್ತಿತ್ತು. ಎಲ್ಲಿಯವರೆಗೆ? ಬೀದಿಗೆ ಸರಿಯಾದ ನಲ್ಲಿ ನೀರು ಬರುವವರೆಗೆ.

ಇಡೀ ವಲಯದಲ್ಲಿ ಬಾಕಿ ಉಳಿದಿದ್ದುದು ಇದೊಂದೇ ಬೀದಿ. ಪ್ರಗತಿ ಸುಳ್ಳಾಗಿರಲಿಲ್ಲ. ಹತ್ತು ವರ್ಷದ ಹಿಂದೆ ಕೆಳಗಿನ ಬೀದಿಗಳ ಹೆಂಗಸರು ಕೊಡ ಹೊತ್ತು ಮೈಲಿ ನಡೆಯುತ್ತಿದ್ದರು, ಈಗ ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ವಾಂತಿಭೇದಿಯ ಮಕ್ಕಳಿಗೆಂದೇ ಇದ್ದ ಕೋಣೆಯಲ್ಲಿ ಈಗ ಹಳೆ ಕುರ್ಚಿಗಳಿವೆ. ಟೈಲರಕ್ಕನ ತವರು ಕೆಳಗಿನ ಬೀದಿಯಲ್ಲೇ. ಅಲ್ಲಿ ಅವಳ ತಾಯಿ ನಲ್ಲಿಗೇ ಲೋಟ ಹಿಡಿದು ಕುಡಿಯುತ್ತಾರೆ. ಇಷ್ಟೆಲ್ಲ ಆದಮೇಲೆ ಬೋರ್ಡಿನಲ್ಲಿ 'ಪ್ರತಿ ಮನೆಗೂ ನಲ್ಲಿ, ಪ್ರತಿ ಮನೆಗೂ ಶೌಚಾಲಯ, ನೂರಕ್ಕೆ ನೂರು' ಎಂದು ಬರೆಸಲು ಇಪ್ಪತ್ತಾರು ಮನೆ ಅಡ್ಡ ಬಂದಿದ್ದವು. ಆ ಮನೆಗಳ ನೀರು ಪರೀಕ್ಷೆಯಲ್ಲಿ ಪಾಸಾದರೆ ವಲಯ ಪೂರ್ತಿ. ಪೂರ್ತಿಯಾದ ವಲಯಕ್ಕೆ ಟ್ಯಾಂಕರ್ ಬೇಕಿಲ್ಲ. ಇನ್ನು ಮೇಲೆ ನೀವು ಟ್ಯಾಂಕರಿಗೆ ಕಾಯುವ ಕಷ್ಟ ತಪ್ಪುತ್ತದೆ ಎಂದು ಇಂಜಿನಿಯರ್ ಅದನ್ನು ಶುಭಸಮಾಚಾರದಂತೆ ಹೇಳಿಹೋಗಿದ್ದರು.

ಮೊದಲೂ ಒಮ್ಮೆ ಪರೀಕ್ಷೆಗೆ ಬಂದಿದ್ದರು. ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟು ಆಮೇಲೆ ಬಾಟಲಿ ಹಿಡಿಯಬೇಕೆಂಬುದು ನಿಯಮ. ಹರಿಯಬಿಟ್ಟರು, ಬಾಟಲಿ ಹಿಡಿಯುವ ಮೊದಲೇ ನೀರು ನಿಂತಿತು. ನೀರು ಸಿಗಲಿಲ್ಲ ಎಂದು ಬರೆದುಕೊಂಡು ಹೋದರು. ಟ್ಯಾಂಕರ್ ಉಳಿದದ್ದು ಹಾಗೆ.

ಹತ್ತು ಗಂಟೆಗೆ ಜೀಪು ಬಂತು. ಇಂಜಿನಿಯರ್, ಲ್ಯಾಬಿನ ಸಹಾಯಕ, ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವ ನೀರುಗಂಟಿ, ಮೂವರು ಇಳಿದರು. ಮಾದರಿ ತೆಗೆಯಬೇಕಾದ್ದು ಸಾಲಿನ ಕೊನೆಯ ಮನೆಯಲ್ಲಿ. ಕೊನೆಯ ಮನೆ ಟೈಲರಕ್ಕನದು. ಅಂದು ಬೇರೆ ಎಲ್ಲ ಬೀದಿಗಳ ವಾಲ್ವ್ ಮುಚ್ಚಿ ಈ ಬೀದಿಗೇ ನೀರು ತಿರುಗಿಸಿದ್ದರು. ಆದರೂ ಅದು ಅರ್ಧ ಬೀದಿಗೆ ಬಂದು ಸುಸ್ತಾಗಿ ನಿಂತಿತ್ತು. ಲ್ಯಾಬಿನವನು ನಲ್ಲಿ ತಿರುಗಿಸಿದ. ನಲ್ಲಿ ಎರಡು ಸಲ ಕೆಮ್ಮಿತು. ಗಾಳಿ ಬಿಟ್ಟು ಬೇರೇನೂ ಬರಲಿಲ್ಲ.

ಟೈಲರಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಇಂಜಿನಿಯರ್ ಕೈಗಡಿಯಾರ ನೋಡಿಕೊಂಡರು, ನೀರುಗಂಟಿಯನ್ನು ನೋಡಿದರು. ಇನ್ನು ಬರೆಯುವುದೊಂದೇ ಬಾಕಿ. ನೀರುಗಂಟಿಗೆ ನೆರವಾಗಲು ಬೀದಿಯ ಬಾಯಲ್ಲಿ ವಾಲ್ವಿನ ಗುಂಡಿಗೆ ಇಳಿದು ಬಂದಿದ್ದ ಲ್ಯಾಬಿನವನ ಕೈ ಮೊಣಕೈವರೆಗೂ ಕೆಸರಾಗಿತ್ತು.

"ಕೈ ತೊಳ್ಕೊಳ್ಳೋಕೂ ಒಂಚೂರು ನೀರಿಲ್ವಾ ಅಮ್ಮಾ?" ಎಂದ. ಕೊಂಕಿರಲಿಲ್ಲ, ನಿಜಕ್ಕೂ ಕೇಳಿದ.

ಅತ್ತೆ ಎದ್ದರು. ಮನೆಗೆ ಬಂದವನೊಬ್ಬ ಕೆಸರುಗೈಯಲ್ಲಿ ತಮ್ಮ ಅಂಗಳದಲ್ಲಿ ನಿಂತಿದ್ದಾನೆ, ತಮ್ಮ ನಲ್ಲಿಯಲ್ಲಿ ಹನಿ ನೀರಿಲ್ಲ. ಅವರಿಗೆ ಅಷ್ಟೇ ಕಂಡದ್ದು. ಹಿತ್ತಲಿಗೆ ಹೋಗಿ ಡ್ರಮ್ಮಿನ ಕೆಳಗಿನ ಸಣ್ಣ ವಾಲ್ವ್ ತೆರೆದರು. ನಲ್ಲಿ ಹಾಕಿದ ಗುತ್ತಿಗೆದಾರ ಪೈಪು ಉಳಿಸುವುದಕ್ಕೆಂದು ಆ ಬೀದಿಯ ಎಲ್ಲ ಮನೆಗಳಲ್ಲೂ ಡ್ರಮ್ಮಿನ ಪೈಪನ್ನು ನಲ್ಲಿಯ ಪೈಪಿಗೇ ಸೇರಿಸಿದ್ದ. ಆ ವಾಲ್ವ್ ತೆರೆದರೆ ಡ್ರಮ್ಮಿನ ನೀರು ನಲ್ಲಿಯಲ್ಲಿ ಇಳಿಯುತ್ತದೆ. ಡ್ರಮ್ಮು ಖಾಲಿಯಾಗುತ್ತದೆಂದು ಅದನ್ನು ಯಾರೂ ತೆರೆಯುತ್ತಿರಲಿಲ್ಲ.

"ಈಗ ತಿರುಗಿಸಪ್ಪಾ, ಬರುತ್ತೆ" ಎಂದರು ಅತ್ತೆ ಹಿತ್ತಲಿನಿಂದ.

ಬಂತು. ತಿಳಿಯಾಗಿ, ದಪ್ಪವಾಗಿ ಬಂತು. ಅವನ ಬೊಗಸೆ ತುಂಬುವ ಮೊದಲೇ ಟೈಲರಕ್ಕನಿಗೆ ಆದ ಅನಾಹುತ ಗೊತ್ತಾಯಿತು. ಅವನು ಕೈ ತೊಳೆದ, ಒರೆಸಿಕೊಂಡ, ಚೀಲದಿಂದ ಬಾಟಲಿ ತೆಗೆದ. ನಿಯಮದ ಪ್ರಕಾರ ನೀರನ್ನು ಹರಿಯಬಿಟ್ಟ. ಹಿಂದಿನ ದಿನ ಟ್ಯಾಂಕರಿನಿಂದ ಕೊಡದಲ್ಲಿ ಹಿಡಿದು, ನಸುಕಿನಲ್ಲಿ ಅತ್ತೆ ಏಣಿ ಹತ್ತಿ ತುಂಬಿದ್ದ ನೀರು ಚರಂಡಿಗೆ ಹರಿಯಿತು. ಅವಳು ಮುಂದೆ ಬಂದು ನಲ್ಲಿ ಮುಚ್ಚಿದಳು.

"ಇದು ಟ್ಯಾಂಕರ್ ನೀರು ಸಾರ್. ಡ್ರಮ್ಮಿಂದ ಬರ್ತಿದೆ. ಒಂದ್ಸಲ ಮೇಲೆ ನೋಡಿ."

ಇಂಜಿನಿಯರ್ ಮೇಲೆ ನೋಡಲಿಲ್ಲ. ಡ್ರಮ್ಮು ಮನೆಯ ಪಕ್ಕದ ಸಂದಿನಿಂದ ಅಂಗಳಕ್ಕೇ ಕಾಣುತ್ತಿತ್ತು, ಕಪ್ಪು ಬಣ್ಣದ್ದು, ತಲೆ ಎತ್ತಿದರೆ ಸಾಕಿತ್ತು. ಅವರು ಮೇಲೆ ನೋಡಲಿಲ್ಲ ಎಂಬುದಕ್ಕೆ ಅಲ್ಲಿದ್ದ ಎಲ್ಲರೂ ಸಾಕ್ಷಿ.

"ನಲ್ಲೀಲಿ ಬಂತೋ ಇಲ್ವೋ, ಅಷ್ಟು ಹೇಳಮ್ಮ."

"ಬಂತು, ಆದ್ರೆ..."

"ಬಂತಲ್ಲ."

ಅವರೇ ಕೈ ಚಾಚಿ ನಲ್ಲಿ ತಿರುಗಿಸಿದರು. ನೀರುಗಂಟಿ ಜೀಪಿನ ಕಡೆ ನಡೆದ. ಬಾಟಲಿ ತುಂಬಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಾಲದಲ್ಲೂ ಇದ್ದಾರೆ. ಇವರಿಗೆ ಎತ್ತು ಈದಿಲ್ಲ ಎಂಬುದು ಗೊತ್ತಿತ್ತು, ಆದರೂ ಕಟ್ಟಿದರು.

ಜೀಪು ಹೋದ ಮೇಲೆ ಟೈಲರಕ್ಕ ಅತ್ತೆಯ ಮುಂದೆ ನಿಂತಳು. ಕೂಗಾಡಲಿಲ್ಲ. ಮಗು ಹಳದಿ ಕಣ್ಣು ಬಿಟ್ಟುಕೊಂಡು ಮಲಗಿದ್ದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದವರು ನೀವೇ ಅಲ್ಲವೇ ಎಂದು ಮಾತ್ರ ಕೇಳಿದಳು. ಅತ್ತೆ ಗುಂಡಿಯ ಡಬ್ಬಿ ತೆಗೆದರು, ಮುಚ್ಚಿದರು.

"ಈ ಮನೆಗೆ ಬಂದಾಗಿಂದ ಕತ್ತಲಾಗೋವರೆಗೂ ತಡ್ಕೊಂಡು ಬದುಕಿದೋಳು ನಾನು" ಎಂದರು ಕೊನೆಗೆ. "ಹಗಲು ಹೊತ್ತು ನೀರು ಕುಡೀತಿರ್ಲಿಲ್ಲ, ಗೊತ್ತಾ ನಿಂಗೆ? ಎಲ್ಲಿ ಹೋಗಬೇಕಾಗುತ್ತೋ ಅಂತ. ಈಗ ಬಾಗಿಲಿರೋ ಕಕ್ಕಸಿದೆ, ಒಳಗಿಂದ ಚಿಲಕ ಇದೆ. ಅದನ್ನ ಗಲೀಜಾಗಿಟ್ಟು ನಾಲ್ಕು ಗಂಡಸರಿಗೆ ತೋರಿಸು ಅಂದ್ರೆ ನನ್ನ ಕೈಲಿ ಆಗಲ್ಲಮ್ಮ."

"ನೀರಿಲ್ದೆ ಆ ಚಿಲಕ ಇಟ್ಕೊಂಡು ಏನು ಮಾಡ್ತೀರಿ ಅತ್ತೆ?"

ಅತ್ತೆ ಎದ್ದು ಹಿತ್ತಲಿಗೆ ಹೋದರು. ಅಲ್ಲಿಂದ ಮುಂದೆ ಅತ್ತೆ ಸೊಸೆ ಮಾತಾಡಿಕೊಂಡದ್ದೆಲ್ಲ ಮಗುವಿನ ಮೂಲಕ.

ಫಲಿತಾಂಶ ಬರಲು ತಡವಾಗಲಿಲ್ಲ. ಮಾದರಿ ಕುಡಿಯಲು ಯೋಗ್ಯವಾಗಿತ್ತು. ಯೋಗ್ಯವಾಗಿರದೆ ಇನ್ನೇನು, ಅದು ಇಲಾಖೆಯದೇ ಟ್ಯಾಂಕರಿನ ನೀರು. ಸುದ್ದಿ ತಂದವನು ಟ್ಯಾಂಕರಿನ ಡ್ರೈವರ್. ಹೇಳಿದ ಹೊತ್ತಿಗೆ ಒಮ್ಮೆಯೂ ಬಾರದ ಕಾರಣ ಬೀದಿಯವರು ಅವನಿಗೆ ಗಡಿಯಾರ ಎಂದು ಹೆಸರಿಟ್ಟಿದ್ದರು. ಅಂದು ಗಡಿಯಾರ ಹೊತ್ತಿಗೆ ಸರಿಯಾಗಿ ಬಂದ. ಅದನ್ನು ಕಂಡೇ ಚಿಕ್ಕಮ್ಮನಿಗೆ ಅನುಮಾನ ಬಂತಂತೆ. ಇವತ್ತೇ ಕೊನೇ ಟ್ರಿಪ್ಪು ಅಕ್ಕಾ, ಇರೋ ಪಾತ್ರೆಯೆಲ್ಲ ತನ್ನಿ ಎಂದು ಅವನು ಟೈಲರಕ್ಕನಿಗೆ ಹೇಳಿದ. ಹೆಂಗಸರು ಲೋಟ ತಟ್ಟೆಗಳನ್ನೂ ಬಿಡಲಿಲ್ಲ. ಹಿಡಿದ ನೀರು ಎಷ್ಟು ದಿನ ಬಂದೀತು?

ಟೈಲರಕ್ಕ ಇಲಾಖೆಯ ಕಚೇರಿಗೆ ಹೋದಳು. ನಿಮ್ಮ ಬೀದಿಗೆ ನೀರು ಬರುತ್ತಿದೆ, ಪರೀಕ್ಷೆಯೂ ಆಗಿದೆ ಎಂದರು. ಮರುದಿನ ನಲ್ಲಿಯಲ್ಲಿ ಬಂದ ಕಪ್ಪು ನೀರನ್ನು ಬಾಟಲಿಯಲ್ಲಿ ಒಯ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದುಕೊಂಡಿದ್ದಳು, ಬೇಕಿತ್ತು. ಇದು ಮೊದಲ ನೀರು, ನಿಯಮದಂತೆ ಹರಿಯಬಿಟ್ಟು ಹಿಡಿದದ್ದಲ್ಲ, ಇದನ್ನು ಪರೀಕ್ಷೆಗೆ ತೆಗೆದುಕೊಳ್ಳಲಾಗುವುದಿಲ್ಲ ಎಂದು ಇಂಜಿನಿಯರ್ ವಿವರಿಸಿದರು. ನಮಗೆ ಬರುವುದೇ ಮೊದಲ ನೀರು ಎಂದು ಅವಳು ಹೇಳಿದಳು. ಹಾಗಾದರೆ ಇನ್ನೂ ಸ್ವಲ್ಪ ಹೊತ್ತು ಹರಿಯಬಿಡಿ ಎಂದರು. ಬಾಟಲಿಯನ್ನು ಅವರ ಮೇಜಿನ ಮೇಲೆ ಬಿಟ್ಟು ಬಂದಳು. ಜವಾನ ಓಡಿಬಂದು ಗೇಟಿನ ಹತ್ತಿರ ವಾಪಸು ಕೊಟ್ಟ.

ಕುಡಿಯುವ ನೀರನ್ನು ತವರಿನಿಂದ ಕ್ಯಾನುಗಳಲ್ಲಿ ಹೊತ್ತು ತಂದಳು. ಅದರಲ್ಲಿ ಕಕ್ಕಸಿಗೆ ಉಳಿಯುತ್ತಿರಲಿಲ್ಲ. ಬೀದಿಯ ಕಕ್ಕಸುಗಳು ಒಂದೊಂದಾಗಿ ಮುಚ್ಚಿದವು. ಚಿಕ್ಕಮ್ಮ ತಮ್ಮದರಲ್ಲಿ ಸೈಕಲ್ ನಿಲ್ಲಿಸಿದರು. ಗಂಡಸರು ದಿಬ್ಬದ ಹಿಂದಕ್ಕೆ ಹೋಗತೊಡಗಿದರು. ಹೆಂಗಸರು ಏನು ಮಾಡುತ್ತಿದ್ದರೆಂದು ಯಾರೂ ಕೇಳಲಿಲ್ಲ.

ಒಂದು ಶುಕ್ರವಾರ ಸಂಜೆ ಮಗು ಶಾಲೆಯಿಂದ ಬಂದು ಮೆಟ್ಟಿಲ ಮೇಲೆ ಕಾಲು ಬಿಗಿದು ಕೂತಿತ್ತು. ಅತ್ತೆ ಲೋಟದಲ್ಲಿ ನೀರು ತಂದುಕೊಟ್ಟರು. ಬೇಡ ಎಂದಿತು. ಬಾಯಾರಿಲ್ಲವೇ ಎಂದು ಕೇಳಿದರು. ಬಾಯಾರಿದೆ, ಆದರೂ ಬೇಡ ಎಂದಿತು.

"ಮತ್ತೆ ಇಲ್ಯಾಕೆ ಕೂತಿದೀಯ ಪುಟ್ಟಿ?"

"ಕತ್ತಲಾಗ್ಲಿ ಅಂತ ಅಜ್ಜಿ."

ಅತ್ತೆ ಲೋಟವನ್ನು ಮೆಟ್ಟಿಲ ಮೇಲಿಟ್ಟರು. ಒಳಗೆ ಹೊಲಿಗೆ ಯಂತ್ರ ನಡೆಯುತ್ತಿತ್ತು. ಅವರು ಅಂಗಳಕ್ಕಿಳಿದು ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದರು. ಪಾನಾ, ಇಕ್ಕಳ ಯಾವುದೂ ಬೇಕಾಗಲಿಲ್ಲ. ಗುತ್ತಿಗೆದಾರ ಟೇಪು ಸುತ್ತದೆ ಹಾಗೇ ತಿರುಪಿಟ್ಟಿದ್ದ ಪ್ಲಾಸ್ಟಿಕ್ ನಲ್ಲಿ ಮೂರು ಸುತ್ತಿಗೆ ಕೈಗೆ ಬಂತು. ಅದನ್ನು ಒಳಗೆ ತಂದು ಸೊಸೆ ಹೊಲಿಯುತ್ತಿದ್ದ ಬಟ್ಟೆಯ ಮೇಲಿಟ್ಟರು.

"ಇದಿದೆ ಅಂತ ತಾನೇ ಟ್ಯಾಂಕರ್ ನಿಲ್ಸಿದ್ದು? ತಗೋ. ಈಗ ಇಲ್ಲ."

ಟೈಲರಕ್ಕ ಯಂತ್ರ ನಿಲ್ಲಿಸಿದಳು. ನಲ್ಲಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಜೀಪು ಬಂದುಹೋದ ದಿನದ ನಂತರ ಅವರಿಬ್ಬರ ನಡುವೆ ನೇರವಾಗಿ ಆಡಿದ ಮೊದಲ ಮಾತು ಅದು. ಹೊಲಿದು ಉಳಿದ ಗಟ್ಟಿ ಬಟ್ಟೆಯ ಚೀಲವೊಂದನ್ನು ತೆಗೆದುಕೊಂಡು ಇಬ್ಬರೂ ಪಕ್ಕದ ಮನೆಗೆ ಹೋದರು, ಅಲ್ಲಿಂದ ಮುಂದಿನ ಮನೆಗೆ. ಈ ಸಲ ಯಾರೂ ನನ್ನದೊಂದು ಮನೆ ಬಿಟ್ಟರೇನು ಎನ್ನಲಿಲ್ಲ. ಚಿಕ್ಕಮ್ಮ ತಮ್ಮ ನಲ್ಲಿಯನ್ನು ಕಳಚಿ, ಸೆರಗಿನಲ್ಲಿ ಒರೆಸಿ ಕೊಟ್ಟರು.

"ಅದನ್ಯಾಕೆ ಒರೆಸ್ತೀರಾ ಚಿಕ್ಕಮ್ಮಾ?"

"ಆಫೀಸಿಗೆ ಕೊಡೋದಲ್ವೇನೇ?"

ಮರುದಿನ ಶನಿವಾರ ಹನ್ನೊಂದು ಗಂಟೆಗೆ, ವಲಯ ನೂರಕ್ಕೆ ನೂರು ಪೂರ್ತಿಯಾಯಿತೆಂದು ಘೋಷಿಸುವ ಸಮಾರಂಭ. ಹತ್ತೂವರೆಗೆ ಅತ್ತೆ ಸೊಸೆ ಕಚೇರಿಯಲ್ಲಿದ್ದರು. ಇಂಜಿನಿಯರ್ ಹೊಸ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ಟೈಲರಕ್ಕ ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದಳು. ನಲ್ಲಿಗಳು ಉರುಳಿದವು, ಎರಡು ನೆಲಕ್ಕೆ ಬಿದ್ದವು. ಇಪ್ಪತ್ತಾರೂ ಇವೆ, ಎಣಿಸಿಕೊಳ್ಳಿ ಎಂದಳು.

ಇದು ಸಾರ್ವಜನಿಕ ಆಸ್ತಿ, ಕೀಳುವುದು ಅಪರಾಧ ಎಂದು ಇಂಜಿನಿಯರ್ ಹೇಳಿದರು. ಅವರ ದನಿ ಏರಿತ್ತು.

"ಮನೇಲಿ ನಲ್ಲಿ ಇದ್ರೆ ನೀರಿದೆ ಅಂತ ನಿಮ್ಮ ಲೆಕ್ಕ" ಎಂದಳು ಟೈಲರಕ್ಕ. "ಡ್ರಮ್ ನೋಡಿ ಅಂದೆ, ನೋಡ್ಲಿಲ್ಲ. ಕಪ್ಪು ನೀರು ತಂದೆ, ತಗೊಳ್ಲಿಲ್ಲ. ಸರಿ, ನಿಮ್ಮ ಲೆಕ್ಕದಲ್ಲೇ ಮಾತಾಡೋಣ. ಈಗ ನಲ್ಲಿ ಇಲ್ಲ. ನಲ್ಲಿ ಇಲ್ಲದ ಮನೆಗೆ ಟ್ಯಾಂಕರ್ ಕಳಿಸಬೇಕು ಅಂತ ನಿಮ್ದೇ ನಿಯಮ. ಕಳಿಸಿ."

"ಯಾರು ಕಿತ್ತಿದ್ದು? ನೀವಾ?"

"ನಾನಪ್ಪಾ" ಎಂದರು ಅತ್ತೆ. "ಅವತ್ತು ನೀರು ಬಿಟ್ಟೋಳೂ ನಾನೇ. ಅವತ್ತು ನಿಮಗೆ ನಾನು ಕಾಣ್ಲಿಲ್ಲ."

ಸಮಾರಂಭ ಹೊತ್ತಿಗೆ ಸರಿಯಾಗಿ ನಡೆಯಿತು. ವಲಯದ ಪ್ರತಿ ಮನೆಯಲ್ಲೂ ನಲ್ಲಿ ಇದೆ ಎಂದು ಓದಿ, ಚಪ್ಪಾಳೆಯ ನಡುವೆ ಸಹಿಯಾಯಿತು. ಸಂಜೆ ನಾಲ್ಕಕ್ಕೆ ಅದೇ ಇಂಜಿನಿಯರ್ ಪೊಲೀಸ್ ಠಾಣೆಗೆ ಹೋಗಿ, ಇಪ್ಪತ್ತಾರು ಮನೆಗಳಲ್ಲಿ ನಲ್ಲಿ ಇಲ್ಲ ಎಂದು ದೂರು ಕೊಟ್ಟರು. ಎರಡಕ್ಕೂ ಹಾಕಿದ್ದು ಒಂದೇ ಸಹಿ, ಒಂದೇ ಪೆನ್ನು. ದೂರು ದಾಖಲಾದ ಮೇಲೆ ಆ ಮನೆಗಳಿಗೆ ನೀರು ಕಳಿಸದೆ ಬಿಡುವಂತಿರಲಿಲ್ಲ. ಹೊಸ ನಲ್ಲಿ ಹಾಕುವವರೆಗೆ ಎಂದು ಟ್ಯಾಂಕರಿಗೆ ಅಪ್ಪಣೆಯಾಯಿತು. ಪೈಪನ್ನು ಚರಂಡಿಯಿಂದ ಎತ್ತಿ ಬೇರೆ ಕಡೆ ಹಾಕುವ ಮಾತು ಯಾವ ಅಪ್ಪಣೆಯಲ್ಲೂ ಇರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಬರಬೇಕಿದ್ದ ಗಡಿಯಾರ ಹನ್ನೆರಡಕ್ಕೆ ಬಂದ. ಯಾರೂ ಬೈಯಲಿಲ್ಲ. ಸೋಮವಾರ ಅತ್ತೆಗೆ ಠಾಣೆಯಿಂದ ಕರೆ ಬಂತು. ಅವರು ಏಣಿ ಹತ್ತಿ ಡ್ರಮ್ಮು ತುಂಬಿ, ವಾಲ್ವ್ ಮುಚ್ಚಿದೆಯೇ ಎಂದು ಎರಡು ಸಲ ನೋಡಿ, ಸೊಸೆಯ ಜೊತೆ ಹೊರಟರು.